ಸುಮಿತ್ರಕ್ಕನ ಎರಡನೇ ನುಡಿ

ಸತ್ತವರು ಬಂದರು, ಮಾತಾಡಿದರು ಎಂದು ಯಾರಾದರೂ ಹೇಳಿದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದವಳು ನಾನು. ಈಗ ನೀವು ನಕ್ಕರೂ ನನಗೆ ಸಿಟ್ಟಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನನ್ನ ಅಕ್ಕ ಸುಮಿತ್ರಾ ಮದುವೆಯಾಗಿ ಹಾಲೆಂಡಿಗೆ ಹೋದವಳು ಅಲ್ಲೇ ನೆಲೆಸಿದಳು. ಕತೆ, ನಾಟಕ, ಪ್ರವಾಸಕಥನ, ಕಡೆಗೆ ಪರದೇಶದಲ್ಲಿ ಜೋಳದ ರೊಟ್ಟಿ ಬಡಿಯುವುದು ಹೇಗೆಂಬ ಪುಸ್ತಕ, ಎಲ್ಲವನ್ನೂ ಕನ್ನಡದಲ್ಲೇ ಬರೆದಳು. ಜೋಗುಳ ಮಾತ್ರ ಬರೆಯುತ್ತಿರಲಿಲ್ಲ, ಬಾಯಲ್ಲೇ ಕಟ್ಟುತ್ತಿದ್ದಳು. ಮರಾಠಿ ಸೀಮೆಯ ಬಿಬವೇವಾಡಿಯಲ್ಲಿರುವ ನಮ್ಮ ಮನೆಗೆ ಬಂದಾಗ, ಖಾಲಿ ತೊಟ್ಟಿಲು ತೂಗಬಾರದೆಂದು ಅದರಲ್ಲಿ ಒರಳಿನ ಗುಂಡನ್ನು ಮಲಗಿಸಿ, ತೂಗುತ್ತ ಹಾಡು ಹೊಂದಿಸುತ್ತಿದ್ದಳು. "ಮೊದಲ ಗುಂಡಪ್ಪ ಮಲಗಬೇಕು, ಆಮ್ಯಾಲೆ ಕೂಸು," ಅನ್ನುವಳು. ನಮ್ಮ ನಂಟರ ಮಕ್ಕಳಿಗೆಲ್ಲ ಅವಳ ಹಾಡಿನಲ್ಲಿ ಬಂದದ್ದೇ ಹೆಸರು.

ನನ್ನ ಮಗಳು ವಿದ್ಯಾ ಬಸುರಿಯಾದಾಗ ಅಕ್ಕ ಫೋನಿನಲ್ಲಿ ಮೊದಲ ನುಡಿ ಹಾಡಿದಳು. "ಹೆಸರು ಎರಡನೇ ನುಡಿಯಾಗ ಅದ, ತಡ್ಕೋರಿ," ಎಂದಳು. ಕೂಸು ಹುಟ್ಟುವ ಮೊದಲೇ ತೀರಿಕೊಂಡಳು.

ವಿದ್ಯಾ ಹಟ ಹಿಡಿದಳು. "ದೊಡ್ಡವ್ವ ಇಡೋ ಹೆಸರೇ ಬೇಕು."

"ಆಕಿ ಹೇಳದ ಹೆಸರು ಎಲ್ಲಿಂದ ತರಲೇ, ಹುಚ್ಚಿ?" ಅಂದೆ. ಬೀಗರು ತಮ್ಮದೊಂದು ಹೆಸರು ಆರಿಸಿಕೊಂಡೇ ಬಂದರು. ಅವಳು ಅತ್ತು ಸುಮ್ಮನಾದಳು.

ಹೆಸರಿಡುವ ದಿನ ನಡುಮಧ್ಯಾಹ್ನ. ರೂಢಿಯಂತೆ ಮೊದಲು ಗುಂಡನ್ನು ತೊಟ್ಟಿಲಲ್ಲಿ ಮಲಗಿಸಿದೆವು. ಒಂದು ಬದಿಗೆ ವಿದ್ಯಾ, ಇನ್ನೊಂದು ಬದಿಗೆ ಪಕ್ಕದ ಮನೆಯ ಶೇವಂತಾ ಕಾಕು. ಮರಾಠಿಯವರು, ಅವರಿಗೆ ಬರುವ ಕನ್ನಡ "ಊಟ ಆತೇನ್ರಿ" ಒಂದೇ. ವಿದ್ಯಾ ಮೊದಲ ನುಡಿ ಹಾಡಿದಳು. ಮುಂದೆ ಇಲ್ಲವಲ್ಲ, ನಿಂತಳು. ಮಗುವನ್ನು ಎತ್ತಿಕೊಂಡಿದ್ದ ಅವಳ ನಾದಿನಿ ಕಿವಿಯಲ್ಲಿ ಹೆಸರು ಹೇಳಲು ಬಾಗಿದಳು. ಆಗ ಕಾಕು ಹಾಡಿದರು, ಅಚ್ಚ ನಮ್ಮೂರ ಕನ್ನಡದಲ್ಲಿ:

ಹಿಮದೂರ ಕಿಟಕ್ಯಾಗ ಹಚ್ಚೀದ ದೀಪವ್ವ
ತೊಟ್ಟೀಲ ತುಂಬ ಬೆಳಗವ್ವ – ಶಾಂಭವಿ
ತೂಗಾಕ ನಾನು ಬಂದೇನ

ನನ್ನ ಮೈ ಜುಂ ಎಂದಿತು. ಹೆದರಿಕೆಯಲ್ಲ, ಗರ್ಭಗುಡಿಯ ಪರದೆ ಸರಿದಾಗ ಆಗುತ್ತದಲ್ಲ, ಅಂಥದ್ದು.

ಕಾಕು ವಿದ್ಯಾಳ ಕಡೆ ತಿರುಗಿ, "ಅಗ, ಥಾಂಬಲೀಸ ಕಾ?" ಎಂದರು. ಹಾಡು ಯಾಕೆ ನಿಲ್ಲಿಸಿದೆ ಎಂದು ಅವಳನ್ನೇ ಕೇಳುತ್ತಿದ್ದರು! ನೀವೇ ಹಾಡಿದಿರಲ್ಲ ಎಂದರೆ, ನಿಮ್ಮ ಕಾನಡಿ ನನಗೆಲ್ಲಿ ಬರುತ್ತದೆ ಎಂದು ನಕ್ಕುಬಿಟ್ಟರು.

ನಾದಿನಿ ನನ್ನ ಮುಖ ನೋಡಿ, "ಹೆಸರು ಬಂತಲ್ರೀ," ಎಂದು ಮಗುವಿನ ಕಿವಿಯಲ್ಲಿ "ಶಾಂಭವಿ" ಎಂದು ಉಸಿರಿದಳು. ಬೀಗರು ಎದುರಾಡಲಿಲ್ಲ.

ಗೋಡೆಯಾಚೆಯಿಂದ ಅಕ್ಕನ ಹಾಡು ಕಾಕುವಿನ ಕಿವಿಗೆ ಬಿದ್ದಿರಬೇಕು ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಈ ಹಾಡು ಹುಟ್ಟಿದ್ದು ಹಾಲೆಂಡಿನಲ್ಲಿ. ಎರಡನೇ ನುಡಿಯನ್ನು ನಾವೇ ಕೇಳಿರಲಿಲ್ಲ.

ಶಾಂಭವಿ ಈಗ ಶಾಲೆಗೆ ಹೋಗುತ್ತಾಳೆ. ಆ ನುಡಿಯನ್ನು ಕಾಕುಗೆ ಕಲಿಸಬೇಕೆಂದು ಅವಳಿಗೆ ಭಾರೀ ಹುರುಪು. ಕಾಕು ಪಾಪ, ಎದುರು ಕೂತು ಹೇಳಿಕೊಟ್ಟಂತೆ ಹೇಳಲು ನೋಡುತ್ತಾರೆ. "ಹಿಮದೂರ" ಎಂಬಲ್ಲೇ ಇವತ್ತಿಗೂ ನಾಲಗೆ ತೊಡರುತ್ತದೆ.