ಪೂಜೆಯ ಹೊತ್ತಿನ ಇಂಗ್ಲಿಷ್

ಇಳಕಲ್ಲಿನ ನಮ್ಮ ಮನೆಯಲ್ಲಿ ದೇವರಕೋಣೆಗೂ ನನ್ನ ಓದಿನ ಮೂಲೆಗೂ ನಡುವೆ ಇದ್ದುದು ಅವ್ವನ ಹಳೆಯ ಸೀರೆಯ ಪರದೆಯೊಂದೇ. ಅದು ನೋಟವನ್ನು ತಡೆಯುತ್ತಿತ್ತೇ ಹೊರತು ಮಾತನ್ನಲ್ಲ. ಎಂಬತ್ತರ ದಶಕದ ಆರಂಭದ ಆ ದಿನಗಳಲ್ಲಿ ನಮಗೆ ಓದುವುದೆಂದರೆ ಕೂಗುವುದು: ಇಂಗ್ಲಿಷಿನಲ್ಲೊಮ್ಮೆ, ಅರ್ಥ ತಲೆಗಿಳಿಯಲೆಂದು ಕನ್ನಡದಲ್ಲೊಮ್ಮೆ.

ಬಿ.ಎ.ಯಲ್ಲಿ ಇಂಗ್ಲಿಷ್ ಭಾಷೆಯ ಇತಿಹಾಸವೆಂಬ ಪತ್ರಿಕೆಯಲ್ಲಿ ನಾನು ಒಮ್ಮೆ ನಪಾಸಾಗಿದ್ದೆ. ಇನ್ನು ಓದು ಸಾಕು, ಗಂಡು ನೋಡೋಣ ಎಂದು ಸೋದರತ್ತೆ ಪಟ್ಟು ಹಿಡಿದಿದ್ದಳು. ಇನ್ನೊಂದು ಸಲ ಪರೀಕ್ಷೆಗೆ ಕೂಡಲಿ ಎಂದು ಅಪ್ಪ ಅವಳನ್ನು ತಡೆದಿದ್ದ. ಮಗ್ಗದ ಮುಂದೆಯೇ ಆಯುಷ್ಯ ಕಳೆದ ಅವನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ.

ಈ ಇಂಗ್ಲಿಷ್ ಇದೆಯಲ್ಲ ಮಿತ್ರರೇ, ಹೋದ ಮನೆಯಿಂದೆಲ್ಲ ಏನಾದರೊಂದನ್ನು ಉಡಿಯಲ್ಲಿ ಕಟ್ಟಿಕೊಂಡೇ ಏಳುವ ಗಟ್ಟಿಗಿತ್ತಿ. ಡೇನರಿಂದಷ್ಟು, ಲ್ಯಾಟಿನ್ನಿನಿಂದಿಷ್ಟು, ನಮ್ಮಲ್ಲಿಗೆ ಬಂದಾಗ ಚಟ್ನಿಯನ್ನೂ ಬಿಡಲಿಲ್ಲ. ಫ್ರೆಂಚರು ಆಳಿದ ಕಾಲದಲ್ಲಂತೂ ಪ್ರಾಣಿ ಸಾಕುವವರು ಇಂಗ್ಲಿಷರು, ತಿನ್ನುವವರು ಫ್ರೆಂಚ್ ದೊರೆಗಳು. ಹೀಗಾಗಿ ಜೀವವಿದ್ದಾಗ ಒಂದು ಹೆಸರು, ಬೆಂದ ಮೇಲೆ ಇನ್ನೊಂದು. ಒಂದು ಬೆಳಿಗ್ಗೆ ಪರದೆಯಾಚೆ ಅಪ್ಪ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕೂತಿದ್ದರೆ ಈಚೆ ನಾನು, ಹಂದಿ ದೊಡ್ಡಿಯಲ್ಲಿದ್ದರೆ ಪಿಗ್, ತಾಟಿಗೆ ಬಂದರೆ ಪೋರ್ಕ್ ಎಂದು ಶಕ್ತಿಮೀರಿ ಕೂಗುತ್ತಿದ್ದೆ.

ಪೂಜೆ ಮುಗಿಸಿ ಬಂದ ಅಪ್ಪನ ಮುಖ ಕೆಂಪಾಗಿತ್ತು. ಲಿಂಗ ಕಟ್ಟಿದವರ ಮನೆಯಲ್ಲಿ ಹಂದಿಯನ್ನು ತಾಟಿಗೆ ಹಾಕಬೇಡ ಎಂದು ಗದರಿದ. ನಾನು ಅಳುತ್ತಲೇ ಫ್ರೆಂಚರ ಕತೆಯನ್ನೆಲ್ಲ ಹೇಳಿದೆ. ಅಪ್ಪ ನನ್ನ ಮುಂದೆಯೇ ಕೂತ.

"ಅಂದ್ರ ಇಂಗ್ಲಿಷರನ್ನೂ ಯಾರೋ ಆಳಿದ್ರೇನು?"

"ಹೂಂ ಅಪ್ಪ, ಭಾಳ ವರ್ಷ."

ಸ್ವಾತಂತ್ರ್ಯ ಬಂದ ದಿನವೂ ಅವನು ಅಷ್ಟು ಹಿಗ್ಗಿದ್ದನೋ ಇಲ್ಲವೋ. ಆಮೇಲೆ ಆ ಇಂಗ್ಲಿಷರಿಗಾಗಿಯೇ, ಪಾಪ, ಎಂದು ಮರುಗಿದ.

ಮರುದಿನ ಬೆಳಿಗ್ಗೆ ವಿಭೂತಿ, ಹೂವು, ಮಡಿಬಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ.

"ಪರೀಕ್ಷಾ ಮುಗಿಯೋತನಾ ನಾ ಮಠದಾಗ ಪೂಜಾ ಮಾಡ್ಕೊಂಡ ಬರ್ತೇನಿ. ನೀ ಜೋರಾಗೇ ಓದವ್ವಾ."

ಹದಿನೈದು ದಿನ ಹಾಗೆಯೇ ಹೋದ. ಇಂಗ್ಲಿಷ್ ಬೆಳೆಯಲು ರಾಜರೂ ಅಚ್ಚಿನ ಯಂತ್ರಗಳೂ ಎಷ್ಟೋ ಮಾಡಿರಬಹುದು; ತನ್ನ ದೇವರನ್ನೇ ಎತ್ತಿಕೊಂಡು ಹೊರಟು ಅದಕ್ಕೆ ಜಾಗ ಬಿಟ್ಟವನು ಅಪ್ಪನೊಬ್ಬನೇ ಇರಬೇಕು.

ನಾನು ಪಾಸಾದೆ. ಮಗಳು ಆ ಫ್ರೆಂಚರ ಪ್ರಶ್ನೆಗೆ ಉತ್ತರ ಬರೆದೇ ಗೆದ್ದಳೆಂದು ಅಪ್ಪ ಸೋದರತ್ತೆಗೂ, ಕಂಡಕಂಡವರಿಗೂ ಹೇಳುತ್ತ ಬಂದ. ಆ ವರ್ಷ ಆ ಪ್ರಶ್ನೆ ಬಂದೇ ಇರಲಿಲ್ಲ. ಅದನ್ನು ಮಾತ್ರ ನಾನು ಅವನಿಗೆ ಕೊನೆಯವರೆಗೂ ಹೇಳಲಿಲ್ಲ.