ಹೆಸರಿಲ್ಲದವನ ಎಡೆ

ಎಲುಬುಗಳ ನಡುವೆಯೇ ಆಯುಷ್ಯ ಕಳೆದವನು ನಾನು. ದೆವ್ವ, ಶಕುನ ಎಂದವರನ್ನು ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಗೇಲಿ ಮಾಡಿದ್ದಕ್ಕೆ ಲೆಕ್ಕವಿಲ್ಲ. ನೀವೂ ಇದನ್ನು ನಂಬಬೇಕಾಗಿಲ್ಲ. ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಬೆಳಗಾವಿಯಲ್ಲಿ ಶವಪರೀಕ್ಷೆ ಮಾಡುವ ವೈದ್ಯನಾಗಿದ್ದ ನನ್ನನ್ನು ದೂರದ ಒಂದು ದೇಶಕ್ಕೆ ಕರೆಸಿಕೊಂಡರು. ಅಲ್ಲಿ ಯುದ್ಧದಲ್ಲಿ ಊರಿಗೆ ಊರನ್ನೇ ಕೊಂದು ಒಂದೇ ಗುಂಡಿಯಲ್ಲಿ ಹೂತಿದ್ದರು. ಕೊಂದವರ ವಿಚಾರಣೆಗೆಂದು ನೇಮಿಸಿದ ನ್ಯಾಯಮಂಡಳಿ ನಡೆಯುತ್ತಿದ್ದುದು ಹಲವು ದೇಶಗಳು ಸೇರಿ ಕೊಟ್ಟ ಹಣದಿಂದ. ಎಲುಬುಗಳನ್ನು ಜೋಡಿಸಿ, ಬಂಧುಗಳ ರಕ್ತದ ಜೊತೆ ಹೋಲಿಸಿ, ಸತ್ತವರ ಹೆಸರು ಪತ್ತೆಹಚ್ಚುವುದು ನಮ್ಮ ಕೆಲಸ. ಅಷ್ಟರಲ್ಲಿ ಕೆಲವು ದೇಶಗಳು ಕೈ ಹಿಂದೆಗೆದವು, ಪ್ರಯೋಗಾಲಯಕ್ಕೆ ಬೀಗ ಬಿತ್ತು. ಹರೆಯದ ಹುಡುಗನೊಬ್ಬನ ಎಲುಬು ಹೆಸರಿಲ್ಲದೆ ಪೆಟ್ಟಿಗೆಯಲ್ಲೇ ಉಳಿಯಿತು. ಅವನ ತಾಯಿ ಎಲ್ಲೋ ಕಾಯುತ್ತಿರಬೇಕು ಎನ್ನಿಸಿ, ಊರಿಗೆ ಮರಳಿದರೂ ನನಗೆ ಅನ್ನ ಸೇರುತ್ತಿರಲಿಲ್ಲ.

ಹಿರಿಯರ ಹಬ್ಬದ ಅಮಾವಾಸ್ಯೆಗೆ ಖಾನಾಪುರದಲ್ಲಿದ್ದ ಚಿಗವ್ವನ, ಅಂದರೆ ನನ್ನ ಅವ್ವನ ತಂಗಿಯ, ಮನೆಗೆ ಹೋದೆ. ತೀರಿಹೋದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು ಎಡೆ ಇಡುವುದು ನಮ್ಮ ಪದ್ಧತಿ. ಆ ಹುಡುಗನ ಸಂಗತಿ ಹೇಳಿ, ಅವನಿಗೂ ಒಂದು ಎಡೆ ಇಡು ಎಂದು ಕೇಳಿಕೊಂಡೆ.

“ಹೆಸರು ಹಿಡದ ಕರೀಲಾರದ ಎಡಿ ಹೆಂಗ ಇಡೂದೋ?” ಎಂದಳು.

ಹೆಸರು ಯಾರಿಗೂ ಗೊತ್ತಿಲ್ಲ ಎಂದೆ. ಆದರೂ ಅವಳು ಕೊನೆಯಲ್ಲಿ ಇನ್ನೊಂದು ಎಲೆ ಹಾಕಿದಳು. ನಮ್ಮವರನ್ನೆಲ್ಲ ಕರೆದು ಮುಗಿಸಿ, ಆ ಎಲೆಗೆ ಹೋಳಿಗೆ ಬಡಿಸಿ, ತುಪ್ಪ ಹಾಕುತ್ತಾ ಒಂದು ಹೆಸರು ಕರೆದಳು. ಕನ್ನಡದ್ದಲ್ಲ, ಮರಾಠಿಯದ್ದಲ್ಲ. ಆ ದೇಶದ ಹೆಸರು, ಅಲ್ಲಿಯೂ ಅಪರೂಪದ್ದು. ನನಗೆ ಹೆದರಿಕೆಯಾಯಿತು. ನಿನಗೆ ಯಾರು ಹೇಳಿದರು ಎಂದು ಕೇಳಿದೆ.

“ಈಗ ನೀನ ಹೇಳಿದೆಲ್ಲಪಾ,” ಎಂದಳು.

ನಾನು ಹೇಳಿರಲಿಲ್ಲ. ಹೇಳಲು ನನಗೆ ಗೊತ್ತಿದ್ದರಲ್ಲವೇ?

ಮುಂದಿನ ವರ್ಷ ಬೇರೆ ಕೆಲವು ದೇಶಗಳು ಹಣ ಕೊಟ್ಟು ಬೀಗ ತೆಗೆಸಿದವು, ನನಗೂ ಕರೆ ಬಂತು. ಕಾಣೆಯಾದವರಲ್ಲಿ ಆ ಹೆಸರಿನವನು ಒಬ್ಬನೇ ಇದ್ದ. ಬರೀ ಹೆಸರು ಸಾಕ್ಷಿಯಾಗದು. ಹಾಗಾಗಿ ಯಾರಿಗೂ ಕಾರಣ ಹೇಳದೆ, ಆ ಎಲುಬಿನ ಜೊತೆ ಹೋಲಿಸಲು ಅವನ ತಾಯಿಯ ರಕ್ತವನ್ನೇ ಮೊದಲು ಪರೀಕ್ಷೆಗೆ ಹಾಕಿಸಿದೆ. ಹೊಂದಿತು. ಕೊಂದವರ ಮೇಲಿನ ಆರೋಪದಲ್ಲಿ, ಸತ್ತವರ ಸಾಲಿಗೆ ಅವನ ಹೆಸರೂ ಸೇರಿತು.

ಪೆಟ್ಟಿಗೆ ಒಪ್ಪಿಸುವ ದಿನ, ಅಷ್ಟು ಜನರಲ್ಲಿ ನನ್ನ ಮಗನನ್ನೇ ಮೊದಲು ಹೇಗೆ ಹುಡುಕಿದಿರಿ ಎಂದು ಆ ತಾಯಿ ದುಭಾಷಿಯ ಮೂಲಕ ಕೇಳಿದಳು. ವಿಜ್ಞಾನದ ಮಾತು ಬಾಯಿಗೆ ಬರಲಿಲ್ಲ, ನಡೆದದ್ದನ್ನೇ ಹೇಳಿದೆ. ದುಭಾಷಿ ನನ್ನ ಮುಖ ನೋಡುತ್ತಾ, ತಡವರಿಸುತ್ತಾ ಹೇಳಿ ಮುಗಿಸಿದ. ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟು ಒಂದೇ ಮಾತು ಕೇಳಿದಳು.

“ನನ್ನ ಮಗ ಉಂಡನೇ?”

ಉಂಡ ಎಂದೆ. ಆ ಹೆಸರು ಚಿಗವ್ವನ ಬಾಯಿಗೆ ಹೇಗೆ ಬಂತೆಂದು ಇಂದಿಗೂ ತಿಳಿಯದ ನಾನು, ಅದೊಂದನ್ನು ಮಾತ್ರ ಕಣ್ಣಾರೆ ಕಂಡವನಂತೆ ಹೇಳಿದೆ.