ಕಾಕಾನ ಖಣಿಯ ಕೆಂಪು ಬಾವುಟ

ಕಳೆದ ವರ್ಷ ಯುಗಾದಿಯ ಮರುದಿನ ಬೆಳಿಗ್ಗೆ ನನ್ನ ತಂಗಿ ಗಾಲ್ಫ್ ಮೈದಾನಗಳ ವಿನ್ಯಾಸದಲ್ಲಿ ಆಸಕ್ತಿ ಇರುವವರ ಬಳಗವೊಂದಕ್ಕೆ ಸೇರಿದಳು. ಬಳಗ ಇರುವುದು ಅಂತರ್ಜಾಲದಲ್ಲಿ. ಅಲ್ಲಿಯವರೆಗೆ ಆಕೆ ಗಾಲ್ಫ್ ಆಡಿರಲಿಲ್ಲ, ಆಡುವವರನ್ನು ಕಣ್ಣಾರೆ ಕಂಡಿರಲೂ ಇಲ್ಲ.

ನಾನು ವರದಿಗಾರ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ನಾನು ಸುದ್ದಿ ಕಳಿಸುವ ಊರುಗಳು. ತಂಗಿಯ ವಿಷಯ ತಿಳಿದ ದಿನವೇ ಐದೂ ಕಡೆ ಫೋನ್ ಮಾಡಿ, ನಿಮ್ಮಲ್ಲಿ ಗಾಲ್ಫ್ ಮೈದಾನ ಇದೆಯೇ ಎಂದು ವಿಚಾರಿಸಿದೆ. ಎಲ್ಲಿಯೂ ಇರಲಿಲ್ಲ. ಚಿಂಚೋಳಿಯ ಕಚೇರಿಯೊಂದರ ಗುಮಾಸ್ತರು ಸ್ವಲ್ಪ ಹೊತ್ತು ಯೋಚಿಸಿ, "ಅದು ಯಾವ ಇಲಾಖಿಗಿ ಬರ್ತದ್ರಿ ಸರ? ಒಂದ್ಸಲ ಅರಣ್ಯದವರಿಗಿ ಕೇಳ್ರಿ" ಎಂದರು. ಸೇಡಂನ ಆಟದ ಸಾಮಾನಿನ ಅಂಗಡಿಯವರು, "ಹಾಕಿ ಕೋಲ ಅದ್ರಿ, ನಡೀತದೇನ?" ಎಂದು ಕೇಳಿದರು.

ತಂಗಿ ಭೂದೃಶ್ಯ ವಿನ್ಯಾಸ ಓದಿದವಳು. ಸಿಮೆಂಟು ಕಾರ್ಖಾನೆಗಳ ವಸತಿ ಬಡಾವಣೆಗಳಲ್ಲಿ ತೋಟ ಮಾಡಿಸುವುದು ಅವಳ ಕೆಲಸ. ತೋಟ ಎಂದರೆ ಇಲ್ಲಿ ಗೇಟಿನ ಎಡಬಲಕ್ಕೆ ಅಶೋಕ ಗಿಡಗಳ ಸಾಲು, ನಡುವೆ ಪೊದೆ ಕತ್ತರಿಸಿ ಬರೆದ 'ಸುಸ್ವಾಗತ'. ಓದು ಮುಗಿಸಿದಾಗಿನಿಂದ ಆಕೆ ಹೆಚ್ಚಾಗಿ ಬರೆದದ್ದು ಇದನ್ನೇ. ಒಮ್ಮೆ ಎಮ್ಮೆ ನುಗ್ಗಿ ಒತ್ತಕ್ಷರವನ್ನು ತಿಂದುಹೋದಾಗ ಮಾತ್ರ ಮೇಲಿನವರಿಂದ ಅವಳ ಕೆಲಸದ ಬಗ್ಗೆ ಒಂದು ಮಾತು ಬಂದಿತ್ತು.

ಬಳಗದಲ್ಲಿ ಹಾಗಿರಲಿಲ್ಲ. ಪುಣೆಯ ನಿವೃತ್ತ ಎಂಜಿನಿಯರೊಬ್ಬರು ಅದರ ಅಧ್ಯಕ್ಷರು. ಹೈದರಾಬಾದ್, ಕೊಯಮತ್ತೂರು, ಸ್ಕಾಟ್ಲೆಂಡ್ ಎಂದು ಹರಿದು ಹಂಚಿಹೋದ ಸದಸ್ಯರು ಭಾನುವಾರ ಸಂಜೆ ವಿಡಿಯೊದಲ್ಲಿ ಸೇರುತ್ತಿದ್ದರು. ಅವರಲ್ಲಿ ಬಹುತೇಕರು ಗಾಲ್ಫ್ ಆಡುವುದು ಕಡಿಮೆ. ಚೆಂಡು ಬೀಳುವ ಕುಳಿಯ ಸುತ್ತಲಿನ ನುಣುಪಾದ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಅದು ಎಡಕ್ಕೆ ಎಷ್ಟು ವಾಲಬೇಕು, ಬಲಕ್ಕೆ ಎಷ್ಟು ಏರಬೇಕು ಎಂಬ ಬಗ್ಗೆಯೇ ಅವರ ಮಾತು. ಸೇರಿದ ಎರಡನೆಯ ವಾರ ತಂಗಿ ತಾನು ಬರೆದ ಒಂದು ಇಳಿಜಾರನ್ನು ತೋರಿಸಿದಳು. ಅದರ ಮೇಲೆ ಅವರು ಒಂದು ತಾಸು ಚರ್ಚೆ ಮಾಡಿದರು. ಸ್ಕಾಟ್ಲೆಂಡಿನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರಂತೆ. ಆವತ್ತು ಊಟಕ್ಕೆ ಕುಳಿತಾಗ ತಂಗಿ ಇದನ್ನು ನಾಲ್ಕು ಸಲ ಹೇಳಿದಳು.

"ಕನ್ನಡಕಾ ಒರಸಿದ್ದು ಧೂಳ ಕುಂತಿತ್ತಂತ ಇರಬೇಕು" ಎಂದೆ.

"ನಿನ್ನ ಸುದ್ದಿ ಓದಾಕ ಯಾರರ ಕನ್ನಡಕಾ ಒರಸ್ಯಾರೇನ ಅಣ್ಣಾ?" ಎಂದಳು.

ಬಳಗಕ್ಕೆ ಒಂದು ನಿಯಮವಿತ್ತು. ಹೊಸಬರು ಒಂದು ವರ್ಷ ಅತಿಥಿಗಳು. ಅಷ್ಟರಲ್ಲಿ ತಾವು ಕಾಲಿಟ್ಟು ನಡೆದ ನೆಲದಲ್ಲಿ ಒಂದು ಕುಳಿಯನ್ನಾದರೂ ನಿಜವಾಗಿ ಕಟ್ಟಬೇಕು. ಭಾನುವಾರದ ಸಭೆ ನೋಡುತ್ತಿರುವಾಗಲೇ ಅದರೊಳಗೆ ಒಂದು ಚೆಂಡು ಬೀಳಬೇಕು. ಕುಳಿಯಲ್ಲಿ ಬಾವುಟ ನಿಂತಿರಬೇಕು. ಎಷ್ಟು ಹೊಡೆತದಲ್ಲಿ ಬಿತ್ತು ಎಂಬುದು ಲೆಕ್ಕಕ್ಕಿಲ್ಲ. ಹುಲ್ಲೂ ಕಡ್ಡಾಯವಲ್ಲ, ಮರಳಿನ ಮೇಲೆ ಆಡುವ ಊರುಗಳೂ ಇವೆಯಂತೆ. ವರ್ಷದೊಳಗೆ ಆಗದಿದ್ದರೆ ಹೆಸರು ತೆಗೆಯುತ್ತಾರೆ. ಹೆಸರು ಹೋದರೆ ತಂಗಿಗೆ ಉಳಿಯುವುದು 'ಸುಸ್ವಾಗತ' ಮಾತ್ರ.

ನೆಲ ಕೊಟ್ಟವನು ನಮ್ಮ ಕಾಕಾ. ರಾವೂರಿನಿಂದ ವಾಡಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಅವನದೊಂದು ಕಲ್ಲಿನ ಖಣಿ ಇದೆ. ಕಲ್ಲು ಮುಗಿದು ಬಹಳ ಕಾಲವಾಗಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಹೆಚ್ಚು ಆಳವಿಲ್ಲದ ಗುಂಡಿ ಅದು. ಅದರಾಚೆ ಇನ್ನೂ ಸುಣ್ಣದ ಕಲ್ಲು ತೆಗೆಯುವ ಖಣಿಗಳಿವೆ. ಬಳಗದವರು ಮೆಟ್ಟಿಲುಗಳ ಚಿತ್ರ ನೋಡಿ, ಇಂಥ ಜಾಗ ತಮಗೆ ಸಿಗಬಾರದೇ ಎಂದು ಹಲುಬಿದರಂತೆ. ಕಾಕಾನಿಗೆ ತಂಗಿ ಇದನ್ನೂ ಹೇಳಿದಳು.

"ಅವರಿಗೆ ಬೇಕಂದ್ರ ಇನ್ನೂ ಎರಡ ಅವ, ಒಯ್ಯಲಿ" ಎಂದ ಕಾಕಾ. "ನಿಂಗ ಎಷ್ಟ ದೊಡ್ಡ ಕುಣಿ ಬೇಕವ್ವಾ?"

"ಒಂದ ಸಣ್ಣ ಚಂಬು ಹಿಡಿಯೋವಷ್ಟು."

"ಚಂಬಿನಷ್ಟ ಕುಣಿಗಿ ಇಷ್ಟ ದೊಡ್ಡ ಖಣಿ ಯಾಕ? ನಮ್ಮ ಅಂಗಳದಾಗ ತೋಡು, ಚಾ ಕುಡಕೋತ ಆಡಬಹುದು."

ಅಂಗಳದಲ್ಲಿ ಆಗುವುದಿಲ್ಲ ಎಂಬುದನ್ನು ಅವನಿಗೆ ಒಪ್ಪಿಸಲು ಎರಡು ಚಹಾ ಬೇಕಾದವು.

ನೆಲ ಹಾಸಲು ಭಂಕೂರಿನಿಂದ ಒಬ್ಬ ಗೌಂಡಿ ಬಂದರು. ಹುಲ್ಲಿನ ಬದಲು, ಮನೆಯ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪುಡಿಯನ್ನು ನೀರು ಹಾಕಿ ಬಡಿದು ಗಟ್ಟಿ ಮಾಡುವುದೆಂದು ತಂಗಿ ತೀರ್ಮಾನಿಸಿದ್ದಳು. ಅವಳಿಗೆ ನಡುವೆ ಒಂದು ವಾಲು ಬೇಕಿತ್ತು. ಗೌಂಡಿ ಸಂಜೆಯೊಳಗೆ ಗಾಜಿನಂತೆ ಸಮ ಮಾಡಿಟ್ಟರು. ಅವಳು ಕೆದರಿಸಿ ಮತ್ತೆ ವಾಲು ಬೇಕೆಂದಳು. ಮರುದಿನವೂ ಸಮವಾಗಿತ್ತು.

"ಅಕ್ಕಾವರ, ನಾ ಹಾಸಿದ ನೆಲ ಇವತ್ತಿನ ತನಕ ಒಂದೂ ವಾರಿ ಆಗಿಲ್ಲ" ಎಂದರು ಗೌಂಡಿ. "ಮಂದಿ ನೋಡಿದ್ರ ನನ್ನ ಹೆಸರ ಕೆಡ್ತದ."

"ಬಚ್ಚಲದಾಗ ನೀರ ಹೋಗ್ಲಿ ಅಂತ ವಾಲು ಕೊಡ್ತೀರಲ್ಲ, ಹಂಗ ಕೊಡ್ರಿ" ಎಂದಳು ತಂಗಿ.

ಗೌಂಡಿ ನೆಲದ ಸಮ ನೋಡುವ ಪಟ್ಟಿಯನ್ನು ಕೆಳಗಿಟ್ಟರು. "ಬಚ್ಚಲ ಅಂತ ಮೊದಲಽ ಹೇಳಬೇಕಿಲ್ಲೇನ್ರಿ. ಎರಡ ದಿನ ಹಾಳಾತು."

ಆ ಭಾನುವಾರ ತಂಗಿ ಇದನ್ನು ಸಭೆಯಲ್ಲಿ ವರದಿ ಮಾಡಿದಳು. ಅಂದಿನಿಂದ ಬಳಗದವರು ಆ ಬಗೆಯ ಇಳಿಜಾರಿಗೆ ಬಚ್ಚಲ ಎನ್ನುತ್ತಾರೆ. ಸ್ಕಾಟ್ಲೆಂಡಿನವರೂ ಎನ್ನುತ್ತಾರೆ.

ಉಳಿದದ್ದು ಬಾವುಟ. ಕಾಕಾನ ಮನೆಯ ಕಟ್ಟೆಯ ಮೇಲೆ ಕಾಕಾ, ಗೌಂಡಿ, ತಂಗಿ, ನಾನು ಕುಳಿತು ಬಣ್ಣದ ಬಗ್ಗೆ ಮಾತಾಡಿದೆವು. ತಂಗಿ ಹಸಿರು ಎಂದಳು. ಗೌಂಡಿ ತಲೆ ಅಲ್ಲಾಡಿಸಿದರು.

"ಹಸರ ಝಂಡಾ ಕಂಡ್ರ ದರ್ಗಾ ಅಂತ ಮಂದಿ ಸಕ್ಕರಿ ಓದಸಾಕ ಬರ್ತಾರ. ನಮ್ಮ ಮನ್ಯಾಗಿನಾಕೀನೇ ಮೊದಲ ಬರ್ತಾಳ."

"ಕೇಸರಿ?"

"ತೆಂಗಿನಕಾಯಿ ಒಡೀತಾರ" ಎಂದ ಕಾಕಾ. "ಚಿಪ್ಪು ನಿನ್ನ ಕುಣ್ಯಾಗ ಬೀಳ್ತಾವ."

"ನೀಲಿ?"

"ನಮ್ಮ ಝಂಡಾ ಅಂತ ನಾವು ಮಾಲಿ ಹಾಕ್ತೀವಿ. ಹಾಕಿದ ಮ್ಯಾಲ ಕುಣಿ ಮುಚ್ಚಾಕ ನಾವು ಬಿಡಂಗಿಲ್ಲ" ಎಂದು, ಚಹಾ ಕುಡಿಯಲು ಬಂದಿದ್ದ ಪಕ್ಕದ ಮನೆಯ ಮೇಷ್ಟ್ರು ನಕ್ಕರು.

ಹಳದಿ ಕೆಂಪು ಎರಡೂ ಸೇರಿದರೆ ನವೆಂಬರಿನಲ್ಲಿ ಯಾರಾದರೂ ಬಂದು ಭಾಷಣ ಮಾಡುತ್ತಾರೆ ಎಂಬ ಮಾತಾಯಿತು. ಬಿಳಿ ಬಾವುಟವನ್ನು ತಂಗಿಯೇ ಬೇಡವೆಂದಳು, ಸುಣ್ಣದ ಕಲ್ಲಿನ ಹಿನ್ನೆಲೆಯಲ್ಲಿ ಅದು ಕಾಣುವುದಿಲ್ಲ. ಬರಿ ಕೆಂಪು ಉಳಿಯಿತು. ಕೆಂಪು ಯಾರದು ಎಂದು ಕಾಕಾ ಕೇಳಿದ. ಕಾರ್ಮಿಕ ಸಂಘದವರದು, ಅವರು ಏನೂ ಅನ್ನುವುದಿಲ್ಲ ಎಂದರು ಮೇಷ್ಟ್ರು. ಬಾವುಟ ಯಾರದೆಂದು ಮಾತ್ರ ನಾವು ನೋಡಿದೆವು. ಖಣಿಯಲ್ಲಿ ಮದ್ದು ಸಿಡಿಸುವ ಮುನ್ನ ನಿಲ್ಲಿಸುವ ಕೆಂಪು ಬಾವುಟ ಯಾರದೂ ಅಲ್ಲವಾದ್ದರಿಂದ ಅದು ಯಾರ ನೆನಪಿಗೂ ಬರಲಿಲ್ಲ. ಕಟ್ಟೆಯ ಮೇಲಿದ್ದ ಎಲ್ಲರೂ ಹುಟ್ಟಿದಾಗಿನಿಂದ ಅದನ್ನು ಕಂಡು ನಿಂತವರೇ.

ತಂಗಿಯ ವರ್ಷ ತುಂಬುವುದಕ್ಕೆ ಮುಂಚಿನ ಕೊನೆಯ ಭಾನುವಾರ ಸಂಜೆ ಆಟ ನಿಗದಿಯಾಯಿತು. ಹೈದರಾಬಾದಿನ ಹಳೆ ಸಾಮಾನಿನ ಸಂತೆಯಿಂದ ತಂದ ಒಂದು ಗಾಲ್ಫ್ ಕೋಲು, ಒಂದು ಚೀಲ ಚೆಂಡು ಇದ್ದವು. ಫೋನನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ಮೇಲಿನ ಮೆಟ್ಟಿಲಿನಿಂದಲೂ ಕಾಣಲೆಂದು ತಂಗಿ ಉದ್ದನೆಯ ಬಿದಿರಿಗೆ ಬಾವುಟ ಕಟ್ಟಿದ್ದಳು. ಅದು ಮೇಲಿನ ಮೆಟ್ಟಿಲಿನಿಂದ ಕಂಡಿತು. ರಸ್ತೆಯಿಂದಲೂ ಕಂಡಿತು.

ಮೊದಲು ಎರಡು ಮೋಟರ್ ಸೈಕಲ್ ನಿಂತವು. ಆಮೇಲೆ ಒಂದು ಟಂಟಂ ಆಟೊ, ಕುರಿಹಿಂಡು, ವಾಡಿ ಕಡೆ ಹೊರಟಿದ್ದ ಬಸ್ಸು. ಬಸ್ಸಿನಿಂದ ಒಬ್ಬ ಮುದುಕರು ಇಳಿದು ಕಿಸೆಯಿಂದ ಸೀಟಿ ತೆಗೆದು ಮೂರು ಸಲ ಊದಿದರು. ಅವರು ಖಣಿಯಲ್ಲಿ ಸೀಟಿ ಊದುವ ಕೆಲಸದಿಂದ ನಿವೃತ್ತರಾದವರು ಎಂದು ನಂತರ ತಿಳಿಯಿತು. ಸೀಟಿ ಕೀಲಿಕೈ ಗೊಂಚಲಿನಲ್ಲೇ ಇರುತ್ತದೆ. ಸೀಟಿಯಾದ ಮೇಲೆ ಯಾರೂ ಅಲುಗಾಡಲಿಲ್ಲ.

ತಂಗಿ ಮೊದಲ ಚೆಂಡು ಹೊಡೆದಳು. ಅದು ಮೆಟ್ಟಿಲಿಗೆ ಬಡಿದು ಟಪ್ ಎಂದು ವಾಪಸು ಬಂತು. ನಾನು ವಿಷಯ ತಿಳಿಸಲು ರಸ್ತೆಗೆ ಹತ್ತಿದೆ.

"ಇಷ್ಟಽ ಸಪ್ಪಳ?" ಎಂದು ಕಂಡಕ್ಟರ್ ಕೇಳುತ್ತಿದ್ದರು.

"ಮದ್ದ ಹಸಿ ಆಗ್ಯಾದ. ಹಾರಿಲ್ಲ" ಎಂದರು ಮುದುಕರು.

"ಆ ಹೆಣ್ಮಗಳು ಕೋಲ ತಗೊಂಡು ತಟ್ಟಿ ತಟ್ಟಿ ನೋಡಾಕತ್ತಾಳಲ್ಲ" ಎಂದಳು ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು. "ಆಕೀಗಿ ಮನಿ ಮಠಾ ಇಲ್ಲೇನ?"

ಅದು ನನ್ನ ತಂಗಿ, ಅದು ಗಾಲ್ಫ್ ಎಂಬ ಆಟ, ಮದ್ದು ಇಲ್ಲ ಎಂದು ನಾನು ಹೇಳಿದೆ. ಮುದುಕರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಕೆಂಪ ಝಂಡಾ ಹಾಕಿ ಚೆಂಡ ಆಡ್ತಾರೇನ್ರಿ? ಓದಿದವರ ಕಾಣ್ತೀರಿ."

ಬಸ್ಸಿನಲ್ಲಿದ್ದ ಕೆಲವರು ವಾಡಿ ಜಂಕ್ಷನ್‌ನಲ್ಲಿ ರೈಲು ಹಿಡಿಯಬೇಕಿತ್ತು. ನಾನು ಇಳಿದು ತಂಗಿಗೆ ಇದನ್ನು ಹೇಳಿದೆ. ಬಾವುಟ ಇಳಿಸಿದರೆ ಜನ ಹೋಗುತ್ತಾರೆ, ಆದರೆ ಬಾವುಟವಿಲ್ಲದೆ ಬಿದ್ದ ಚೆಂಡು ಬಳಗದ ಲೆಕ್ಕಕ್ಕಿಲ್ಲ. ಮುಂದಿನ ಭಾನುವಾರಕ್ಕೆ ಆಕೆಯ ವರ್ಷ ಮುಗಿದಿರುತ್ತದೆ. ತಂಗಿ ಫೋನಿನ ಕಡೆ ನೋಡಿದಳು, ರಸ್ತೆಯ ಕಡೆ ನೋಡಿದಳು. ಕೋಲು ನನ್ನ ಕೈಗೆ ಕೊಟ್ಟಳು.

"ರೈಲ ತಪ್ಪಿಸಿ ಕುಣಿ ತುಂಬಿಸೋದು ಬ್ಯಾಡ" ಎಂದು ಹೋಗಿ ಬಿದಿರಿಗೆ ಕೈ ಹಾಕಿದಳು.

ರಸ್ತೆಯಿಂದ ಸೀಟಿ ಬಂತು. "ಏ ತಂಗೀ, ಝಂಡಾ ಮುಟ್ಟಬ್ಯಾಡ" ಎಂದು ಮುದುಕರು ಕೂಗಿ ಹೇಳಿದರು. "ಹಾರಲಾರದ ಮದ್ದಿಗಿ ಅರ್ಧ ತಾಸು ಬಿಡಬೇಕು. ಅಲ್ಲೀತನಕ ಝಂಡಾ ಇಳಿಸಂಗಿಲ್ಲ. ದೂರ ಸರಿ."

ತಂಗಿ ಕೈ ತೆಗೆದಳು. ನಾನು ಮತ್ತೆ ಹತ್ತಿ ಹೋಗಿ ರೈಲಿನ ವಿಷಯ ಎತ್ತಿದೆ. "ರೈಲ ನಾಳಿಗೂ ಬರ್ತದ" ಎಂದರು ರೈಲು ಹಿಡಿಯಬೇಕಾದವರಲ್ಲಿ ಒಬ್ಬರು. "ನೀವು ಸರೀರಿ, ಅಡ್ಡ ನಿಂತೀರಿ."

ಹೀಗೆ ಅರ್ಧ ತಾಸು ಸಿಕ್ಕಿತು; ಬಾವುಟ ಮುಟ್ಟದಿದ್ದರೆ ಮುದುಕರ ಅಡ್ಡಿ ಇರಲಿಲ್ಲ. ತಂಗಿ ಕೋಲು ವಾಪಸು ತೆಗೆದುಕೊಂಡು ಹೊಡೆಯುತ್ತ ಹೋದಳು. ಒಂದು ಚೆಂಡು ಜಾಲಿಗಿಡಕ್ಕೆ, ಒಂದು ಕಾಕಾನ ಚಪ್ಪಲಿಗೆ, ಒಂದು ಎಲ್ಲಿಗೆಂದು ಈವರೆಗೆ ಗೊತ್ತಾಗಿಲ್ಲ. ಕಾಕಾ ಚೆಂಡು ಆರಿಸುತ್ತ, "ಚಿಣ್ಣಿದಾಂಡು ಆಡಿದ ಕೈ ಅಲ್ಲ ಇದು" ಎನ್ನುತ್ತಿದ್ದ. ರಸ್ತೆಯ ಮೇಲೆ ಜನ ಹೆಚ್ಚಾದರು. ಯಾರೂ ಕೆಮ್ಮಲಿಲ್ಲ, ಕುರಿಗಳೂ ಸುಮ್ಮನಿದ್ದವು.

ಫೋನಿನಲ್ಲಿ ಪುಣೆಯ ಅಧ್ಯಕ್ಷರು ಇದನ್ನೆಲ್ಲ ನೋಡುತ್ತಿದ್ದರು. ಆಟಗಾರ್ತಿ ಕೋಲೆತ್ತಿದಾಗ ಇಷ್ಟು ಶಿಸ್ತಿನಿಂದ ನಿಂತ ಪ್ರೇಕ್ಷಕರನ್ನು ತಾವು ಯಾವ ದೇಶದಲ್ಲೂ ಕಂಡಿಲ್ಲ ಎಂದು ಅವರು ಹೇಳಿದ್ದು ಸಭೆಯ ವಿಡಿಯೊದಲ್ಲಿದೆ. ಇದು ಗಾಲ್ಫಿನ ಹಳೆ ಊರೇ ಎಂದು ಸ್ಕಾಟ್ಲೆಂಡಿನವರು ಕೇಳಿದರು. ಆ ಹೊತ್ತಿಗೆ ಉತ್ತರ ಕೊಡಲು ಫೋನಿನ ಬಳಿ ಯಾರೂ ಇರಲಿಲ್ಲ.

ಕೊನೆಗೆ ಒಂದು ಚೆಂಡು ಗ್ರೀನ್ ಮೇಲೆ ಬಿತ್ತು. ಕುಳಿಯಿಂದ ದೂರವೇ ಬಿದ್ದಿತ್ತು, ದಿಕ್ಕೂ ತಪ್ಪಿತ್ತು. ತಂಗಿ ಮೆಲ್ಲನೆ ತಳ್ಳಿದಳು. ಚೆಂಡು ನೇರ ಹೋಗಿ, ನಿಂತೇಹೋಯಿತು ಎನ್ನುವಾಗ ಗೌಂಡಿಯ ವಾಲಿಗೆ ಸಿಕ್ಕಿ, ಬಚ್ಚಲಿನ ನೀರು ಹೋದಂತೆ ಎಡಕ್ಕೆ ತಿರುಗಿ, ಬಿದಿರಿಗೆ ತಾಗಿ ಕುಳಿಯೊಳಗೆ ಬಿತ್ತು. ತಂಗಿ ಕೋಲು ಬಿಟ್ಟು ನೆಲದ ಮೇಲೆ ಕುಳಿತಳು. ಮುದುಕರು ಗಡಿಯಾರ ನೋಡಿದರು. ಅರ್ಧ ತಾಸು ತುಂಬಲು ಇನ್ನೂ ಸ್ವಲ್ಪ ಹೊತ್ತಿತ್ತು. ಅದು ತುಂಬುವವರೆಗೆ ಎಲ್ಲರನ್ನೂ ನಿಲ್ಲಿಸಿ, ಆಮೇಲೆ ಒಂದು ಉದ್ದನೆಯ ಸೀಟಿ ಊದಿದರು. ಬಸ್ಸು ಹೊರಟಿತು. ಆ ದಿನ ರೈಲು ತಡವಾಗಿ ಬಂದದ್ದರಿಂದ ಯಾರಿಗೂ ತಪ್ಪಲಿಲ್ಲ ಎಂಬುದನ್ನು ಮರುದಿನ ಕಂಡಕ್ಟರರಿಂದ ಖಚಿತಪಡಿಸಿಕೊಂಡೆ.

ತಂಗಿ ಈಗ ಬಳಗದ ಕಾಯಂ ಸದಸ್ಯೆ. ಖಣಿಗಳಿರುವ ಊರಿನಲ್ಲಿ ಕೆಂಪು ಬಾವುಟ ಹಾಕಬಾರದೆಂದು ಬಳಗ ಹೊಸ ನಿಯಮ ಮಾಡಿದೆ. ಕುಳಿ ಹಾಗೆಯೇ ಇದೆ, ಕಾಕಾ ಸಂಜೆ ಹೋಗಿ ಒಬ್ಬನೇ ಹೊಡೆಯುತ್ತಾನೆ. ಬಿದಿರಿಗೆ ಈಗ ಅವನದೇ ಹಳೆಯ ಚೌಕಳಿ ಲುಂಗಿಯ ತುಂಡು ಕಟ್ಟಲಾಗಿದೆ. ನಿನ್ನೆ ರಾವೂರಿನ ಇಬ್ಬರು ಹೆಂಗಸರು ಬಂದು, ಅಲ್ಲಿ ಬಟ್ಟೆ ಒಗೆದು ಒಣಹಾಕಲು ತಮಗೂ ಜಾಗ ಸಿಗುತ್ತದೆಯೇ ಎಂದು ಕೇಳಿಹೋಗಿದ್ದಾರೆ.